ಕೆರೆ ಹೂಳು ಹೊಲಕ್ಕೆ ಹೊಡೆಸುವ ಮುನ್ನ: ಭಾರಲೋಹ ಇದೆಯಾ ಅಂತ ನೋಡುವುದು ಹೇಗೆ?

ಬೇಸಿಗೆಯಲ್ಲಿ ಕೆರೆ ಒಣಗಿತು ಅಂದರೆ ಜೆಸಿಬಿ ಇಳಿಯುತ್ತದೆ, ಟ್ರ್ಯಾಕ್ಟರ್‌ಗಳು ಸಾಲುಗಟ್ಟುತ್ತವೆ. ಹೂಳು ಎತ್ತಿದರೆ ಕೆರೆಗೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು. ಕೆಂಪು ಮಣ್ಣಿನ ಹೊಲಕ್ಕೆ ಕೆರೆಗೋಡು ಬಿದ್ದರೆ ತೇವ ಹಿಡಿದುಕೊಳ್ಳುತ್ತದೆ, ಗೊಬ್ಬರದ ಖರ್ಚು ಇಳಿಯುತ್ತದೆ. ಇದು ಅಜ್ಜ ಮುತ್ತಜ್ಜನ ಕಾಲದ ಲೆಕ್ಕ, ತಪ್ಪೇನೂ ಇಲ್ಲ. ಆದರೆ ಅವರ ಕಾಲದಲ್ಲಿ ಕೆರೆಗೆ ಬರುತ್ತಿದ್ದದ್ದು ಮಳೆ ನೀರು. ಈಗ ಎಷ್ಟೋ ಕೆರೆಗಳಿಗೆ ಬೇಸಿಗೆಯಲ್ಲೂ ನೀರು ಬರುತ್ತದೆ. ಅದು ಎಲ್ಲಿಂದ ಬರುತ್ತದೆ ಅಂತ ಕೇಳಿಕೊಳ್ಳದೆ ಹೂಳು ತಂದರೆ ಕಷ್ಟ.

ಬೆಂಗಳೂರಿನ ವೃಷಭಾವತಿ ನದಿಯನ್ನೇ ನೋಡಿ. ಬಸವನಗುಡಿ ಕಡೆ ಹುಟ್ಟಿ, ಊರಿನ ಚರಂಡಿ ನೀರು, ಕಾರ್ಖಾನೆ ನೀರು ಎಲ್ಲವನ್ನೂ ಹೊತ್ತುಕೊಂಡು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಬೈರಮಂಗಲದ ಅಚ್ಚುಕಟ್ಟಿನಲ್ಲಿ ಮೊದಲು ಭತ್ತ, ಕಬ್ಬು ಬೆಳೆಯುತ್ತಿದ್ದರು. ನೀರು ಕೆಟ್ಟ ಮೇಲೆ ಬೇಬಿ ಕಾರ್ನ್, ಹಿಪ್ಪುನೇರಳೆ, ಹಸುವಿನ ಮೇವಿನ ಹುಲ್ಲಿಗೆ ತಿರುಗಿಕೊಂಡರು. ಆ ಹಾದಿಯಲ್ಲಿ ನೀರು ಮುಂದಕ್ಕೆ ಹೋಗುತ್ತದೆ, ಲೋಹ ಹಿಂದೆ ಉಳಿಯುತ್ತದೆ.

ಹಾಗೆ ಉಳಿಯುವುದಕ್ಕೆ ಕಾರಣ ಸರಳ. ಸೀಸ, ಕ್ಯಾಡ್ಮಿಯಂ, ಸತು, ತಾಮ್ರ, ನಿಕ್ಕಲ್, ಕ್ರೋಮಿಯಂ ಇಂಥ ಭಾರಲೋಹಗಳು ನೀರಿನಲ್ಲಿ ಜಾಸ್ತಿ ಹೊತ್ತು ತೇಲಿಕೊಂಡಿರುವುದಿಲ್ಲ. ನುಣುಪು ಜೇಡಿಗೆ, ಕೊಳೆತ ಎಲೆಗೆ, ಕಬ್ಬಿಣದ ತುಕ್ಕಿನಂಥ ಕಣಕ್ಕೆ ಅಂಟಿಕೊಂಡು ತಳ ಸೇರುತ್ತವೆ. ಅದಕ್ಕೇ ಕೆರೆ ನೀರಿನ ರಿಪೋರ್ಟ್ ಚೆನ್ನಾಗಿದ್ದರೂ ಹೂಳು ಚೆನ್ನಾಗಿರಬೇಕು ಅಂತ ಇಲ್ಲ. ಇನ್ನು ಲೋಹ ಕೊಳೆಯುವುದಿಲ್ಲ, ಬಿಸಿಲಿಗೆ ಆರುವುದಿಲ್ಲ. ಕೀಟನಾಶಕವಾದರೆ ನಿಧಾನಕ್ಕಾದರೂ ಒಡೆದು ಹೋಗುತ್ತದೆ. ಸೀಸ ಸೀಸವಾಗಿಯೇ ಇರುತ್ತದೆ.

ಹಾಗಾಗಿ ಇಡೀ ಕೆಲಸ ಲೋಡ್ ಬೀಳುವ ಮೊದಲೇ ಆಗಬೇಕು. ಖರ್ಚಿಲ್ಲದ ಹೆಜ್ಜೆಯಿಂದ ಶುರು ಮಾಡೋಣ.

ಹೆಜ್ಜೆ 1: ನೀರು ಬರುವ ದಾರಿಯಲ್ಲಿ ನಡೆಯಿರಿ

ಕೆರೆ ಏರಿ ಮೇಲೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಕೆರೆಗೆ ನೀರು ಬರುವ ಹಳ್ಳ, ರಾಜಕಾಲುವೆ ಹಿಡಿದು ಮೇಲಕ್ಕೆ ಹೋಗಿ. ಬೇಸಿಗೆಯಲ್ಲೇ ಹೋಗಿ. ಮಳೆ ಇಲ್ಲದ ದಿನ ಕಾಲುವೆಯಲ್ಲಿ ನೀರಿದ್ದರೆ ಅದು ಯಾರೋ ಬಿಟ್ಟ ನೀರು.

ದಾರಿಯಲ್ಲಿ ಸಿಗುವ ಕಸುಬುಗಳನ್ನು ಬರೆದುಕೊಳ್ಳಿ. ಯಾವ ಲೋಹಕ್ಕೆ ಪರೀಕ್ಷೆ ಮಾಡಿಸಬೇಕು ಅನ್ನುವುದನ್ನು ಈ ಪಟ್ಟಿಯೇ ಹೇಳುತ್ತದೆ. ಎಲೆಕ್ಟ್ರೋಪ್ಲೇಟಿಂಗ್ ಶೆಡ್ ಇದ್ದರೆ ಕ್ರೋಮಿಯಂ, ನಿಕ್ಕಲ್, ಸತು, ಕೆಲವು ಕಡೆ ಕ್ಯಾಡ್ಮಿಯಂ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ್ದು ಇಂಥ ಕಸುಬಿನಿಂದಲೇ. ಹಳೇ ಬ್ಯಾಟರಿ ಒಡೆದು ಕರಗಿಸುವ ಜಾಗ ಇದ್ದರೆ ಸೀಸ. ಚರ್ಮ ಹದ ಮಾಡುವಲ್ಲಿ ಕ್ರೋಮಿಯಂ. ಹಳೇ ಕಂಪ್ಯೂಟರ್, ಟಿವಿ, ವೈರ್ ಸುಡುವ ಗುಜರಿಗಳಲ್ಲಿ ತಾಮ್ರ, ಸೀಸ, ಕ್ಯಾಡ್ಮಿಯಂ ಮೂರೂ. ದೊಡ್ಡ ಹೆದ್ದಾರಿಯ ನೀರು ನೇರ ಇಳಿಯುತ್ತಿದ್ದರೆ ಟೈರಿನ ಸತು, ಬ್ರೇಕಿನ ತಾಮ್ರ.

ರಾಯಚೂರು, ಯಾದಗಿರಿ ಕಡೆ ಚಿನ್ನದ ಶಿಲೆ ಇರುವ ಪಟ್ಟಿಯಲ್ಲಿ ಆರ್ಸೆನಿಕ್ ನೋಡಲೇಬೇಕು. ಅಲ್ಲಿ ಅದು ಬಂಡೆಯಿಂದಲೇ ಬರುತ್ತದೆ, ಗಣಿ ಮಣ್ಣಿನಿಂದಲೂ ಬರುತ್ತದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ಜನ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಚರ್ಮರೋಗ ಅನುಭವಿಸಿದ್ದಾರೆ.

ಕೆರೆಯಲ್ಲಿ ವರ್ಷ ವರ್ಷ ಗಣಪತಿ ಬಿಡುತ್ತಾರಾ? ಅದನ್ನೂ ಬರೆದುಕೊಳ್ಳಿ. ತೊಂದರೆ ಮಣ್ಣಿನ ಗಣಪತಿಯದ್ದಲ್ಲ, ಅದರ ಮೇಲೆ ಹಚ್ಚಿದ ಬಣ್ಣದ್ದು.

ಪಟ್ಟಿ ಖಾಲಿ ಇದ್ದು, ಕೆರೆಗೆ ಬರೀ ಹೊಲ, ಗೋಮಾಳ, ಗುಡ್ಡದ ನೀರು ಬರುತ್ತಿದ್ದರೆ, ನನ್ನ ಪ್ರಕಾರ ನೀವು ಇಷ್ಟಕ್ಕೇ ನಿಲ್ಲಿಸಿ ನಿಶ್ಚಿಂತೆಯಿಂದ ಹೂಳು ತರಬಹುದು. ಎಲ್ಲ ಕೆರೆಗೂ ಹೆದರಬೇಕಿಲ್ಲ. ಆದರೆ ಪಟ್ಟಿಯಲ್ಲಿ ಒಂದೇ ಒಂದು ಕಸುಬು ಇದ್ದರೂ, ಅಥವಾ ಪಟ್ಟಣದ ಚರಂಡಿ ಸೇರುತ್ತಿದ್ದರೂ, ಪರೀಕ್ಷೆ ಇಲ್ಲದೆ ಒಂದು ಲೋಡೂ ಬೇಡ.

ಹೆಜ್ಜೆ 2: ಮಾದರಿ ತೆಗೆಯುವುದು

ಇಲ್ಲಿ ಎಡವಿದರೆ ಮುಂದಿನದ್ದೆಲ್ಲ ದಂಡ. ಲ್ಯಾಬಿನ ಯಂತ್ರ ಎಷ್ಟೇ ದುಬಾರಿಯದ್ದಾದರೂ ನೀವು ಕೊಟ್ಟ ಮಣ್ಣನ್ನೇ ಅಳೆಯುತ್ತದೆ.

ಮೊದಲು ಸಾಮಾನು. ಹೊಸ ಪ್ಲಾಸ್ಟಿಕ್ ಬಕೆಟ್, ಮರದ ಅಥವಾ ಗಟ್ಟಿ ಪ್ಲಾಸ್ಟಿಕ್ ಸೌಟು, ದಪ್ಪ ಪಾಲಿಥೀನ್ ಚೀಲ, ಮಾರ್ಕರ್, ಕೈಗವಸು, ಗಮ್‌ಬೂಟ್. ತಗಡಿನ ಬಕೆಟ್ ಬೇಡ, ಅದರ ಮೇಲೆ ಸತುವಿನ ಲೇಪ ಇರುತ್ತದೆ. ಹಿತ್ತಾಳೆ, ತಾಮ್ರದ ಪಾತ್ರೆಯೂ ಬೇಡ. ಗುಂಡಿ ತೋಡಲು ಗುದ್ದಲಿ, ಹಾರೆ ಬಳಸಿ, ಆದರೆ ಗುದ್ದಲಿ ತಾಗಿದ ಮಣ್ಣನ್ನು ಸೌಟಿನಿಂದ ಕೆರೆದು ಪಕ್ಕಕ್ಕೆ ಹಾಕಿ ಒಳಗಿನ ಹೊಸ ಮಣ್ಣನ್ನು ತೆಗೆದುಕೊಳ್ಳಿ.

ಎಲ್ಲಿಂದ ತೆಗೆಯಬೇಕು? ಕೆರೆಯ ಹೂಳು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ನೀರು ಒಳಬರುವ ಬಾಯಿಯಲ್ಲಿ ಮರಳು, ಗರಸು ನಿಲ್ಲುತ್ತದೆ. ನುಣುಪು ಜೇಡಿ ತೇಲಿಕೊಂಡು ಮುಂದೆ ಬಂದು ಏರಿಯ ಕಡೆ, ತೂಬಿನ ಸುತ್ತ, ಆಳದ ಜಾಗದಲ್ಲಿ ಕೂರುತ್ತದೆ. ಲೋಹ ಅಂಟುವುದು ನುಣುಪು ಕಣಕ್ಕೆ. ರೈತರು ಇಷ್ಟಪಟ್ಟು ತುಂಬಿಸಿಕೊಳ್ಳುವುದೂ ಆ ಕಪ್ಪು ಜಿಗಟು ಮಣ್ಣನ್ನೇ! ಹಾಗಾಗಿ ಮೂರು ಕಡೆಯ ಮಾದರಿ ಬೇರೆ ಬೇರೆ ಇರಲಿ: ಒಳಹರಿವಿನ ಬಾಯಿ, ಕೆರೆ ಅಂಗಳದ ನಡು, ಏರಿಯ ಕಡೆಯ ಆಳ. ಒಂದೊಂದು ಕಡೆಯೂ ಒಂದೇ ಗುಂಡಿ ಸಾಲದು. ಹತ್ತಾರು ಹೆಜ್ಜೆ ಅಂತರದಲ್ಲಿ ಐದಾರು ಜಾಗದಿಂದ ತೆಗೆದು ಆ ಬಕೆಟ್‌ನಲ್ಲೇ ಕಲಸಿ.

ಆಳವೂ ಮುಖ್ಯ. ಮೇಲಿನ ಹೂಳು ಇತ್ತೀಚಿನದು, ಕೆಳಗಿನದು ಹಳೆಯದು. ಊರು ಬೆಳೆಯುವ ಮೊದಲು ಕೂತ ಪದರ ಎಷ್ಟೋ ಸಲ ಚೊಕ್ಕವಾಗಿರುತ್ತದೆ. ಇದನ್ನು ನೋಡಲು ಎರಡು ಇಂಚಿನ ಪಿವಿಸಿ ಪೈಪು ಸಾಕು. ಮೆತ್ತಗಿನ ಹೂಳಿಗೆ ಪೈಪನ್ನು ನೆಟ್ಟಗೆ ಒತ್ತಿ. ಮೇಲಿನ ಬಾಯಿಯನ್ನು ಅಂಗೈಯಿಂದ ಅಥವಾ ಮುಚ್ಚಳದಿಂದ ಗಾಳಿ ಆಡದ ಹಾಗೆ ಮುಚ್ಚಿ, ನಿಧಾನಕ್ಕೆ ತಿರುಗಿಸುತ್ತಾ ಮೇಲೆತ್ತಿ. ಮಣ್ಣು ಉದುರದೆ ಪೈಪಿನ ಜೊತೆಗೇ ಬರುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಮಲಗಿಸಿ, ಕೋಲಿನಿಂದ ನೂಕಿದರೆ ಮುದ್ದೆ ಉದ್ದಕ್ಕೆ ಬಂದು ಬೀಳುತ್ತದೆ. ಬಣ್ಣ ಬದಲಾಗುವ ಜಾಗ ಕಣ್ಣಿಗೇ ಕಾಣುತ್ತದೆ: ಮೇಲೆ ಕರ್ರಗೆ, ವಾಸನೆ, ಕೆಳಗೆ ಬೂದಿ ಅಥವಾ ಕೆಂಚು ಜೇಡಿ. ಆ ಗೆರೆಯ ಮೇಲಿನದು ಒಂದು ಚೀಲ, ಕೆಳಗಿನದು ಇನ್ನೊಂದು ಚೀಲ. ಪೈಪಿಗೆ ತಾಗಿದ ಹೊರಮೈ ಮಣ್ಣನ್ನು ಕೆರೆದು ಬಿಟ್ಟು ನಡುವಿನದ್ದನ್ನು ಮಾತ್ರ ತುಂಬಿ. ಹಳೇ ಪಿವಿಸಿ ಪೈಪುಗಳಲ್ಲೇ ಸೀಸ ಸೇರಿಸುತ್ತಿದ್ದರು, ಅದರ ಗೊಡವೆ ನಮಗೆ ಬೇಡ.

ಹಸಿ ಹೂಳಿನೊಳಗೆ ಒಬ್ಬರೇ ಇಳಿಯಬೇಡಿ. ಮೇಲೆ ಒಣಗಿ ಬಿರುಕು ಬಿಟ್ಟಿದ್ದರೂ ಕೆಳಗೆ ಸೊಂಟದುದ್ದ ಕೆಸರು ಇರಬಹುದು.

ಇನ್ನೊಂದು ಮಾದರಿಯನ್ನು ಬಹಳ ಜನ ಮರೆಯುತ್ತಾರೆ. ಅದು ಹೋಲಿಕೆಗೆ ಬೇಕಾದ ಚೊಕ್ಕ ಮಣ್ಣು. ಕೆರೆಗಿಂತ ಎತ್ತರದಲ್ಲಿ, ರಸ್ತೆಯಿಂದ, ಕಾರ್ಖಾನೆಯಿಂದ ದೂರ ಇರುವ, ಗೊಬ್ಬರ ಔಷಧಿ ಕಾಣದ ಬೀಳು ಜಾಗದ ಮಣ್ಣು. ಕೆರೆ ತಳದ ಹಳೇ ಜೇಡಿ ಸಿಕ್ಕರೆ ಅದೂ ಆದೀತು. ಇದು ಯಾಕೆ ಬೇಕು ಅನ್ನುವುದು ರಿಪೋರ್ಟ್ ಓದುವಾಗ ಗೊತ್ತಾಗುತ್ತದೆ. ನಿಮ್ಮ ಹೊಲದ ಮೇಲ್ಮಣ್ಣಿನದ್ದೂ ಒಂದು ಚೀಲ ಇರಲಿ, 15 ಸೆಂ.ಮೀ. ಆಳದವರೆಗಿನದು.

ತಂದ ಮಣ್ಣನ್ನು ನೆರಳಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಒಣಗಿಸಿ. ಬಿಸಿ ಮಾಡಬೇಡಿ, ಪಾದರಸ ಇದ್ದರೆ ಹಾರಿಹೋಗುತ್ತದೆ. ಕಲ್ಲು, ಬೇರು ಆರಿಸಿ, ಮರದ ಕೊಡತಿಯಿಂದ ಮೆಲ್ಲಗೆ ಒಡೆದು, ಗುಡ್ಡೆ ಮಾಡಿ ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಬಿಟ್ಟು ಉಳಿದ ಎರಡನ್ನು ಮತ್ತೆ ಕಲಸಿ. ಒಂದು ಕೆ.ಜಿ. ಉಳಿಯುವ ತನಕ ಹೀಗೇ ಮಾಡಿ. ಅರ್ಧ ಲ್ಯಾಬಿಗೆ, ಅರ್ಧ ನಿಮ್ಮಲ್ಲೇ. ಚೀಲದ ಮೇಲೆ ಜಾಗ, ಆಳ, ತಾರೀಖು, ತೆಗೆದವರ ಹೆಸರು ಬರೆಯಿರಿ.

ಅಷ್ಟರಲ್ಲಿ ಹೂಳು ಎತ್ತಿ ಗುಡ್ಡೆ ಹಾಕಿಬಿಟ್ಟಿದ್ದರೆ? ಆಗ ಗುಡ್ಡೆಯ ಸುತ್ತ, ಮೇಲಿಂದ, ಒಳಗಿಂದ ಹತ್ತು ಹದಿನೈದು ಕಡೆ ತೆಗೆದು ಕಲಸಿ. ಪದರದ ಸಂಗತಿ ಅಲ್ಲಿಗೆ ಕೈತಪ್ಪಿತು, ಬೇರೆ ದಾರಿ ಇಲ್ಲ.

ಹೆಜ್ಜೆ 3: ಲ್ಯಾಬಿನವರನ್ನು ಏನು ಕೇಳಬೇಕು

"ಮಣ್ಣು ಪರೀಕ್ಷೆ ಆಗಿದೆಯಲ್ಲ, ಕಾರ್ಡ್ ಇದೆ" ಅನ್ನುವವರು ಊರಿಗೆ ನಾಲ್ಕು ಜನ ಸಿಗುತ್ತಾರೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶ ಇರುತ್ತವೆ: ಸಾರಜನಕ, ರಂಜಕ, ಪೊಟ್ಯಾಶ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ರಸಸಾರ (ಪಿಎಚ್), ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ, ಕ್ರೋಮಿಯಂ ಇಲ್ಲ. ಸತು, ತಾಮ್ರ ಇದ್ದರೂ ಅದು ಬೆಳೆಗೆ ತಕ್ಷಣ ಸಿಗುವ ಭಾಗ ಮಾತ್ರ, ಮಣ್ಣಿನಲ್ಲಿರುವ ಒಟ್ಟು ಅಲ್ಲ. ಕಾರ್ಡಿನಲ್ಲಿ ಸತು 0.6 ಪಿಪಿಎಂ (ಕೆ.ಜಿ. ಮಣ್ಣಿಗೆ 0.6 ಮಿ.ಗ್ರಾಂ) ಇದ್ದ ಮಣ್ಣಿನಲ್ಲಿ ಒಟ್ಟು ಸತು 60, 80 ಇರಬಹುದು. ಈ ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಗಾಬರಿಯಾಗುವವರು ಇದ್ದಾರೆ.

ಕೃಷಿ ವಿಜ್ಞಾನ ಕೇಂದ್ರದಲ್ಲೋ, ಕೃಷಿ ವಿಶ್ವವಿದ್ಯಾಲಯದಲ್ಲೋ ಮೊದಲು ವಿಚಾರಿಸಿ. ಅಲ್ಲಿ ಆಗದಿದ್ದರೆ ಎನ್‌ಎಬಿಎಲ್ (ಲ್ಯಾಬ್‌ಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಖಾಸಗಿ ಲ್ಯಾಬ್. ಮಾನ್ಯತೆ ಇದೆ ಅಂದ ಮಾತ್ರಕ್ಕೆ ಎಲ್ಲ ಪರೀಕ್ಷೆಗೂ ಇದೆ ಅಂತಲ್ಲ. ಮಣ್ಣಿನಲ್ಲಿ ಸೀಸ, ಮಣ್ಣಿನಲ್ಲಿ ಕ್ಯಾಡ್ಮಿಯಂ ಅಂತ ಒಂದೊಂದಕ್ಕೂ ಬೇರೆ ಬೇರೆ ಬರೆದಿರುತ್ತಾರೆ, ಆ ಪಟ್ಟಿ ತೋರಿಸಿ ಅಂತ ಕೇಳಿ.

ಕೇಳಬೇಕಾದ್ದು ಇಷ್ಟು. ಒಟ್ಟು ಲೋಹ ಬೇಕು, ಆಮ್ಲದಲ್ಲಿ ಕರಗಿಸಿ ಐಸಿಪಿ ಅಥವಾ ಎಎಎಸ್ ಯಂತ್ರದಲ್ಲಿ ಅಳೆದದ್ದು. ಫಲಿತಾಂಶ ಒಣ ತೂಕದ ಮೇಲೆ, ಮಿ.ಗ್ರಾಂ/ಕೆ.ಜಿ. ಲೆಕ್ಕದಲ್ಲಿ ಇರಲಿ (ಇದೂ ಪಿಪಿಎಂ ಕೂಡ ಒಂದೇ). ಕ್ಯಾಡ್ಮಿಯಂ ಅನ್ನು ಎಷ್ಟು ಕಮ್ಮಿ ಮಟ್ಟದವರೆಗೆ ಅಳೆಯಬಲ್ಲಿರಿ? ಉತ್ತರ 0.3 ಅಥವಾ ಅದಕ್ಕಿಂತ ಮೇಲಿದ್ದರೆ ಬೇರೆ ಲ್ಯಾಬ್ ನೋಡಿ, ಯಾಕೆಂದರೆ ಒಳ್ಳೇ ಮಣ್ಣಿನಲ್ಲಿ ಅದು 0.3ರ ಆಸುಪಾಸು ಇರುತ್ತದೆ. "ಪತ್ತೆಯಾಗಿಲ್ಲ" ಅನ್ನುವ ರಿಪೋರ್ಟ್ ತಂದು ಖುಷಿಪಡುವುದರಲ್ಲಿ ಅರ್ಥ ಇರುವುದಿಲ್ಲ. ರಸಸಾರ, ಸಾವಯವ ಇಂಗಾಲ ಎರಡನ್ನೂ ಸೇರಿಸಿ. ಪಾದರಸಕ್ಕೆ, ಆರ್ಸೆನಿಕ್‌ಗೆ ಎಷ್ಟೋ ಲ್ಯಾಬ್‌ಗಳಲ್ಲಿ ಬೇರೆ ವಿಧಾನ ಬೇಕಾಗುತ್ತದೆ, ಹಣವೂ ಬೇರೆ. ಮೊದಲ ಹೆಜ್ಜೆಯ ಪಟ್ಟಿ ಹೇಳಿದರೆ ಮಾತ್ರ ಮಾಡಿಸಿ.

ಖರ್ಚು ಒಬ್ಬರಿಗೆ ಹೊರೆಯಾಗುತ್ತದೆ. ಹೂಳು ತುಂಬಿಸಿಕೊಳ್ಳುವವರೆಲ್ಲ ಸೇರಿ ಹಾಕಿಕೊಂಡರೆ ಒಬ್ಬೊಬ್ಬರಿಗೆ ಒಂದೆರಡು ಲೋಡಿನ ಬಾಡಿಗೆ ಆದೀತು. ಹೂಳೆತ್ತುವ ಕೆಲಸ ಪಂಚಾಯಿತಿಯದ್ದೋ ಇಲಾಖೆಯದ್ದೋ ಆಗಿದ್ದರೆ, ಪರೀಕ್ಷೆ ಆಗಿದೆಯಾ ಅಂತ ಲಿಖಿತವಾಗಿ ಕೇಳಿ. ಆಗಿದ್ದರೆ ವರದಿಯ ಪ್ರತಿ ಕೊಡಿ ಅನ್ನಿ.

ಹೆಜ್ಜೆ 4: ರಿಪೋರ್ಟ್ ಓದುವುದು

ಮೊದಲ ಓದು ಚೊಕ್ಕ ಮಣ್ಣಿನ ಜೊತೆ. ಹೂಳಿನ ಅಂಕಿಯನ್ನು ಚೊಕ್ಕ ಮಣ್ಣಿನ ಅಂಕಿಯಿಂದ ಭಾಗಿಸಿ. 1969ರಲ್ಲಿ ಜರ್ಮನಿಯ ವಿಜ್ಞಾನಿ ಮ್ಯುಲ್ಲರ್ ನದಿಯ ಹೂಳಿಗೆ ಒಂದು ಸೂಚ್ಯಂಕ ಮಾಡಿಕೊಟ್ಟರು. ಅದರಲ್ಲಿ ಲಾಗರಿದಮ್ ಬರುತ್ತದೆ, ಆದರೆ ನಮಗೆ ಬೇಕಾದ ಮೆಟ್ಟಿಲು ಬಾಯಿಪಾಠ ಮಾಡುವಷ್ಟು ಸುಲಭ: 1.5, 3, 6, 12. ಭಾಗಿಸಿದಾಗ ಒಂದೂವರೆ ಪಟ್ಟಿಗಿಂತ ಕಮ್ಮಿ ಬಂದರೆ ಅದು ಮಣ್ಣಿನ ಸಹಜ ಏರುಪೇರು. ಮೂರು ದಾಟಿದರೆ ಹೊರಗಿನಿಂದ ಬಂದದ್ದು ಖಂಡಿತ. ಆರು ದಾಟಿದರೆ ದೂರ ಇರಿ. ಹನ್ನೆರಡು ದಾಟಿದ ಹೂಳನ್ನು ಕೆದಕುವುದೇ ಅಪಾಯ.

ಈ ಹೋಲಿಕೆ ಯಾಕೆ ಬೇಕು? ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಪಟ್ಟಿಯಲ್ಲಿ ಬಂಡೆಯಲ್ಲೇ ಕ್ರೋಮೈಟ್ ಇದೆ, ಬೈರಾಪುರದಲ್ಲಿ ಅದರ ಗಣಿಗಾರಿಕೆಯೇ ನಡೆದಿದೆ. ಅಲ್ಲಿನ ಮಣ್ಣಿನಲ್ಲಿ ಕ್ರೋಮಿಯಂ, ನಿಕ್ಕಲ್ ಹುಟ್ಟಿನಿಂದಲೇ ಜಾಸ್ತಿ. ಪುಸ್ತಕದ ಮಿತಿ ಇಟ್ಟುಕೊಂಡು ನೋಡಿದರೆ ಕಾರ್ಖಾನೆಯೇ ಇಲ್ಲದ ಹಳ್ಳಿಯ ಕೆರೆಯೂ ಮಲಿನ ಅಂತ ಬರುತ್ತದೆ. ಪಕ್ಕದ ಬೀಳು ಮಣ್ಣಿನ ಜೊತೆ ಹೋಲಿಸಿದರೆ ನಿಜ ಗೊತ್ತಾಗುತ್ತದೆ.

ಎರಡನೇ ಓದು ಮಿತಿಗಳ ಜೊತೆ. ನಗರದ ಕಾಂಪೋಸ್ಟಿಗೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ ಇಟ್ಟ ಮಿತಿ, ಕೆ.ಜಿ.ಗೆ ಮಿಲಿಗ್ರಾಂ ಲೆಕ್ಕದಲ್ಲಿ, ಹೀಗಿದೆ: ಸೀಸ 100, ಕ್ಯಾಡ್ಮಿಯಂ 5, ಕ್ರೋಮಿಯಂ 50, ನಿಕ್ಕಲ್ 50, ತಾಮ್ರ 300, ಸತು 1000, ಆರ್ಸೆನಿಕ್ 10, ಪಾದರಸ 0.15. ಇದು ಹೊಲಕ್ಕೆ ಹಾಕುವ ಗೊಬ್ಬರದ ಮಿತಿ. ಹೂಳನ್ನೂ ನಾವು ಗೊಬ್ಬರದ ಹಾಗೇ ಹಾಕುತ್ತೇವೆ, ಅದೂ ಕಾಂಪೋಸ್ಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಇದಕ್ಕಿಂತ ಕೆಳಗಿದ್ದರೆ ಸಾಕು ಅಂತ ನಾನು ಹೇಳಲಾರೆ.

ಯುರೋಪಿನಲ್ಲಿ ಚರಂಡಿ ಗಸಿ ಹಾಕುವ ಹೊಲದ ಮಣ್ಣಿಗೆ 1986ರಲ್ಲಿ ಇಟ್ಟ ಮಿತಿ ಇದಕ್ಕಿಂತ ಉಪಯೋಗ. ಕ್ಯಾಡ್ಮಿಯಂ 1ರಿಂದ 3, ಸೀಸ 50ರಿಂದ 300, ನಿಕ್ಕಲ್ 30ರಿಂದ 75, ತಾಮ್ರ 50ರಿಂದ 140, ಸತು 150ರಿಂದ 300, ಪಾದರಸ 1ರಿಂದ 1.5. ಎಲೆ ತರಕಾರಿ ಬೆಳೆಯುವವರು ಇದರಲ್ಲಿ ಕೆಳಗಿನ ಅಂಕಿಯನ್ನೇ ಹಿಡಿಯಬೇಕು. ಹೊಲದ ಮಣ್ಣು ಹೂಳು ಹಾಕಿದ ಮೇಲೂ ಇದರ ಒಳಗಿರಬೇಕು.

ಹೆಜ್ಜೆ 5: ಲೋಡಿನ ಲೆಕ್ಕ

ಒಂದು ರಿಪೋರ್ಟ್ ಹೀಗೆ ಬಂತು ಅಂತಿಟ್ಟುಕೊಳ್ಳಿ. ಹೂಳಿನಲ್ಲಿ ಸೀಸ 180, ಕ್ಯಾಡ್ಮಿಯಂ 2.4, ಕ್ರೋಮಿಯಂ 110. ನಿಮ್ಮ ಹೊಲದ ಮಣ್ಣಿನಲ್ಲಿ ಸೀಸ 22, ಕ್ಯಾಡ್ಮಿಯಂ 0.3, ಕ್ರೋಮಿಯಂ 95. ಬೀಳು ಜಾಗದ ಚೊಕ್ಕ ಮಣ್ಣೂ ಸುಮಾರು ಅಷ್ಟೇ. ಕ್ರೋಮಿಯಂ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದು ಬಂಡೆಯದು. ಸೀಸ, ಕ್ಯಾಡ್ಮಿಯಂ ಎರಡೂ ಎಂಟು ಪಟ್ಟು. ಆದರೂ ಕೆಲವರು ಹೇಳುತ್ತಾರೆ, ಹೊಲದಲ್ಲಿ ಬೆರೆತು ತೆಳುವಾಗುತ್ತದೆ ಬಿಡಿ ಅಂತ. ಸರಿ, ಬೆರೆಸಿಯೇ ನೋಡೋಣ.

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. ಲೋಡಿಗೆ 3 ಟನ್ನಿನ ಹಾಗೆ 50 ಲೋಡ್ ಹಾಕಿದಿರಿ, 1.5 ಲಕ್ಷ ಕೆ.ಜಿ. ಹರಡಿದರೆ ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಆ ಒಂದು ಇಂಚಿನ ಜೊತೆ ಹೊಲಕ್ಕೆ ಬಂದ ಸೀಸ 27 ಕೆ.ಜಿ., ಕ್ಯಾಡ್ಮಿಯಂ 360 ಗ್ರಾಂ. ಉತ್ತು ಬೆರೆಸಿದ ಮೇಲೆ ಸೀಸ 22ರಿಂದ 45ಕ್ಕೆ ಏರುತ್ತದೆ, ಕ್ಯಾಡ್ಮಿಯಂ 0.3ರಿಂದ 0.6ಕ್ಕೆ. ಎರಡೂ ಮಿತಿಯ ಒಳಗೇ ಇವೆ, ನಿಜ. ಆದರೆ ಒಂದೇ ಬೇಸಿಗೆಯಲ್ಲಿ ಇಮ್ಮಡಿ ಆಯಿತು. ಇನ್ನೊಂದು ಸಲ ಹೂಳೆತ್ತುವ ಹೊತ್ತಿಗೆ ಏನಾಗುತ್ತದೆ ಅಂತ ನೀವೇ ಕೂಡಿಸಿ.

ಈಗ ವಾಪಸ್ ತೆಗೆಯುವ ಲೆಕ್ಕ. ಎಲೆ ತರಕಾರಿಯಲ್ಲಿ ಕ್ಯಾಡ್ಮಿಯಂ ಕೆ.ಜಿ.ಗೆ 0.2 ಮಿ.ಗ್ರಾಂ ಮೀರಬಾರದು ಅಂತ ಅಂತರರಾಷ್ಟ್ರೀಯ ಆಹಾರ ಮಾನದಂಡ ಹೇಳುತ್ತದೆ. ಆ ಮಿತಿ ಮುಟ್ಟುವಷ್ಟು ಕ್ಯಾಡ್ಮಿಯಂ ಹೀರಿದ ಸೊಪ್ಪನ್ನೇ ಎಕರೆಗೆ 10 ಟನ್ ಕೊಯ್ದಿರಿ ಅಂದುಕೊಳ್ಳಿ. ಹೊಲದಿಂದ ಹೊರಹೋದದ್ದು 2 ಗ್ರಾಂ. ಹಾಕಿದ 360 ಗ್ರಾಂ ಹೊರಹೋಗಲು 180 ಬೆಳೆ ಬೇಕು. ಅದೂ ಜನರ ಹೊಟ್ಟೆಯ ದಾರಿಯಲ್ಲಿ.

ಜಪಾನಿನ ಜಿಂಜು ನದಿಯ ಬಯಲಲ್ಲಿ ಆದದ್ದು ಇದೇ. ಕಾಮಿಯೋಕಾ ಗಣಿಯ ಕ್ಯಾಡ್ಮಿಯಂ ನದಿಗೆ ಬಂತು, ಕಾಲುವೆ ನೀರಿನ ಜೊತೆ ಗದ್ದೆಗೆ ಬಂತು, ಅಕ್ಕಿಗೆ ಬಂತು. ಮೂಳೆ ಮುರಿಯುವ ನೋವಿಗೆ ಜನ ಇಟಾಯ್ ಇಟಾಯ್ (ನೋವು, ನೋವು) ಅಂತ ಕೂಗುತ್ತಿದ್ದರು. 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ರೋಗ ಅಂತ ಒಪ್ಪಿಕೊಂಡಿತು. ಗದ್ದೆಗಳ ಮಣ್ಣು ಸರಿ ಮಾಡುವ ಕೆಲಸ ಮುಗಿದದ್ದು 2012ರಲ್ಲಿ, ಮೂರು ದಶಕ ಹಿಡಿಯಿತು.

ಹೆಜ್ಜೆ 6: ತರಬೇಕಾ, ಬೇಡವಾ?

ಪಟ್ಟು ಮೂರರ ಒಳಗಿದ್ದು, ಬೆರೆಸಿದ ಲೆಕ್ಕವೂ ಯುರೋಪಿನ ಕೆಳಗಿನ ಅಂಕಿಯೊಳಗೆ ಬಂದರೆ ತನ್ನಿ. ಸೊಪ್ಪು, ಮೂಲಂಗಿ, ಗಜ್ಜರಿಯ ಮಡಿಗೆ ಮಾತ್ರ ಬೇಡ. ಆರು ದಾಟಿದ್ದರೆ ಊಟದ ಬೆಳೆ ಯಾವುದಕ್ಕೂ ಬೇಡ, ಮೇವಿನ ಹುಲ್ಲಿಗೂ ಬೇಡ. ಹಸು ಹುಲ್ಲಿನ ಜೊತೆ ಮಣ್ಣನ್ನೂ ತಿನ್ನುತ್ತದೆ. ಮೂರರಿಂದ ಆರರ ನಡುವೆ ಇದ್ದರೆ ಮೇಲಿನ ಪದರ ಬಿಟ್ಟು ಕೆಳಗಿನ ಹಳೇ ಜೇಡಿಯನ್ನು ಕೇಳಿ. ಎರಡು ಚೀಲ ಮಾಡಿದ್ದು ಇದಕ್ಕೇ.

ಒಂದು ಎಚ್ಚರ. ಕೊಳೆತ ಮೊಟ್ಟೆಯ ವಾಸನೆ ಬರುವ ಕಪ್ಪು ಹೂಳಿನಲ್ಲಿ ಲೋಹ ಗಂಧಕದ ಜೊತೆ ಕಟ್ಟಿಕೊಂಡು ಸುಮ್ನೆ ಇರುತ್ತದೆ, ಗಾಳಿ ಸಿಗದ ತನಕ. ಎತ್ತಿ ಹೊಲದಲ್ಲಿ ಹರಡಿದಾಗ ಗಾಳಿ ತಾಗಿ ಗಂಧಕ ಆಮ್ಲವಾಗುತ್ತದೆ, ರಸಸಾರ ಕುಸಿಯುತ್ತದೆ, ಲೋಹ ಬಿಡುಗಡೆಯಾಗಿ ಬೇರಿಗೆ ಸಿಗುತ್ತದೆ. ಅಂಥ ಹೂಳನ್ನು ಕೆಲವು ವಾರ ಗಾಳಿಗೆ ಒಣಗಿಸಿ ರಸಸಾರವನ್ನು ಇನ್ನೊಮ್ಮೆ ನೋಡಿ. 6ಕ್ಕಿಂತ ಕೆಳಗೆ ಇಳಿದಿದ್ದರೆ ಮುಟ್ಟಬೇಡಿ.

ಆಗಲೇ ಹಾಕಿಬಿಟ್ಟಿದ್ದರೆ

ಲೋಹವನ್ನು ತೆಗೆಯಲಾಗದಿದ್ದರೂ ಬೇರಿಗೆ ಸಿಗದ ಹಾಗೆ ಕಟ್ಟಿಹಾಕಬಹುದು. ಸೀಸ, ಕ್ಯಾಡ್ಮಿಯಂ, ಸತು, ನಿಕ್ಕಲ್ ನಾಲ್ಕೂ ಹುಳಿ ಮಣ್ಣಿನಲ್ಲಿ ಕರಗುತ್ತವೆ. ರಸಸಾರ 6.5ರಿಂದ 7ಕ್ಕೆ ಬರುವಷ್ಟು ಕೃಷಿ ಸುಣ್ಣ ಹಾಕಿ, ಎಷ್ಟು ಅನ್ನುವುದನ್ನು ಮಣ್ಣು ಪರೀಕ್ಷೆ ಮಾಡುವವರೇ ಹೇಳುತ್ತಾರೆ. ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಇದು ತುರ್ತು. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ. ಮಣ್ಣನ್ನು ಹುಳಿ ಮಾಡುವ ಅಮೋನಿಯಂ ಸಲ್ಫೇಟ್ ಬಿಡಿ.

ಆರ್ಸೆನಿಕ್ ಇದ್ದರೆ ಮಾತ್ರ ಈ ಸೂತ್ರ ಉಲ್ಟಾ. ಸುಣ್ಣ ಅದನ್ನು ಇನ್ನಷ್ಟು ಸಡಿಲ ಮಾಡಬಹುದು. ಗದ್ದೆಯಲ್ಲಿ ನೀರು ನಿಲ್ಲಿಸಿದಷ್ಟೂ ಆರ್ಸೆನಿಕ್ ಭತ್ತಕ್ಕೆ ಏರುತ್ತದೆ. ಕ್ಯಾಡ್ಮಿಯಂ ಆದರೆ ನೀರು ಬಸಿದು ಒಣಗಿಸಿದಾಗ ಏರುತ್ತದೆ. ಯಾವ ಲೋಹ ಅಂತ ಗೊತ್ತಿಲ್ಲದೆ ಮದ್ದು ಮಾಡಬೇಡಿ.

ಬೆಳೆಯನ್ನು ಬದಲಿಸಿ. ಪಾಲಕ್, ದಂಟು, ಮೆಂತ್ಯ, ಮೂಲಂಗಿ ಬೇಗ ಹೀರುತ್ತವೆ. ಟೊಮೆಟೊ, ಬೆಂಡೆ, ಅವರೆ, ಮಾವು, ತೆಂಗಿನಲ್ಲಿ ಕಾಯಿಗೆ ಏರುವುದು ಕಮ್ಮಿ. ಹೂವಿನ ಬೆಳೆ, ಮರದ ಬೆಳೆ ಇನ್ನೂ ಒಳ್ಳೆಯದು. ಸೊಪ್ಪು ತೊಳೆದರೆ ಹೊರಗಿನ ಧೂಳಿನ ಸೀಸ ಹೋಗುತ್ತದೆ, ಒಳಗೆ ಹೀರಿದ್ದು ಹೋಗುವುದಿಲ್ಲ.

ಲೋಹ ಹೀರುವ ಗಿಡ ಹಾಕಿ ಶುದ್ಧ ಮಾಡಬಹುದು ಅನ್ನುವ ಸುದ್ದಿ ಆಗಾಗ ಬರುತ್ತದೆ. ಸುಳ್ಳಲ್ಲ. ಒಂದು ಜಾತಿಯ ಜರಿಗಿಡ ಆರ್ಸೆನಿಕ್ ಅನ್ನು ಎಲೆಗೆ ತುಂಬಿಕೊಳ್ಳುತ್ತದೆ ಅಂತ 2001ರಲ್ಲಿ ಫ್ಲೋರಿಡಾದಲ್ಲಿ ಕಂಡುಹಿಡಿದರು. ಆದರೆ ಇದು ವರ್ಷಗಟ್ಟಲೆಯ ಕೆಲಸ, ಕೊಯ್ದ ಗಿಡವೂ ವಿಷದ ಕಸ. ಎರಡು ಎಕರೆ ಇಟ್ಟುಕೊಂಡು ಬದುಕುವವರಿಗೆ ಇದನ್ನು ಹೇಳಲು ನನಗೆ ಮನಸ್ಸಿಲ್ಲ.

ಅಡಿಕೆ ತೋಟದವರಿಗೆ

ನಿಮ್ಮ ಲೋಹ ಕೆರೆಯಿಂದ ಬರುವುದಿಲ್ಲ, ಡ್ರಮ್ಮಿನಿಂದ ಬರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ. ಅದರಲ್ಲಿ 250 ಗ್ರಾಂ ಶುದ್ಧ ತಾಮ್ರ. ಎಕರೆಗೆ ಒಂದು ಸಲಕ್ಕೆ 400 ಲೀಟರಿನಂತೆ ವರ್ಷಕ್ಕೆ ಮೂರು ಸಲ ಹೊಡೆದರೆ 3 ಕೆ.ಜಿ. ತಾಮ್ರ. ಕೊನೆಗೆ ಎಲ್ಲ ಮಳೆಗೆ ತೊಳೆದು ಬುಡಕ್ಕೇ ಇಳಿಯುತ್ತದೆ. ಮೂವತ್ತು ವರ್ಷದಲ್ಲಿ ಮೇಲ್ಮಣ್ಣಿಗೆ ಕೆ.ಜಿ.ಗೆ 100 ಮಿ.ಗ್ರಾಂ ಸೇರಿದಂತಾಯಿತು. ಅಡಿಕೆ ಮರಕ್ಕೆ ಅದರಿಂದ ತಕ್ಷಣ ಏನೂ ಆಗದಿರಬಹುದು, ಎರೆಹುಳಕ್ಕೆ ಆಗುತ್ತದೆ. ಬೋರ್ಡೋ ಬಿಡಿ ಅಂತ ಹೇಳುತ್ತಿಲ್ಲ, ಬಿಟ್ಟರೆ ಫಸಲೇ ಇರಲ್ಲ ಅಲ್ವಾ. ಆದರೆ ಬಸಿಗಾಲುವೆಯ ಹೂಳು ತೆಗೆದು ಮನೆಯ ತರಕಾರಿ ಮಡಿಗೆ ಹಾಕುವ ಅಭ್ಯಾಸ ಬಿಡಿ. ಉಳಿದ ದ್ರಾವಣವನ್ನು ಒಂದೇ ಮೂಲೆಗೆ ಸುರಿಯಬೇಡಿ.

ಪೇಟೆಯ ಕೈತೋಟಕ್ಕೆ

ಹಳೇ ಮನೆಯ ಗೋಡೆ ಬುಡದ ಮಣ್ಣಿನಲ್ಲಿ ಉದುರಿದ ಬಣ್ಣದ ಸೀಸ ಇರುತ್ತದೆ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅನ್ನುವ ನಿಯಮ ಬಂದದ್ದೇ 2016ರಲ್ಲಿ. ರಸ್ತೆ ಬದಿಯ ಮಣ್ಣಿನಲ್ಲಿ 2000ದವರೆಗೆ ಪೆಟ್ರೋಲಿನಲ್ಲಿದ್ದ ಸೀಸ ಇನ್ನೂ ಇದೆ. ಮಕ್ಕಳು ಆಡುವ ಮನೆಯಂಗಳದ ಮಣ್ಣಿಗೆ ಅಮೆರಿಕ 400 ಪಿಪಿಎಂ ಅಂತ ಇಟ್ಟಿದ್ದ ಸೀಸದ ಗಡಿಯನ್ನು 2024ರಲ್ಲಿ 200ಕ್ಕೆ ಇಳಿಸಿತು. ಅನುಮಾನ ಇದ್ದರೆ ಕುಂಡದಲ್ಲಿ ಬೇರೆ ಮಣ್ಣು ತಂದು ಬೆಳೆಯಿರಿ, ಅಂಗಳದ ಬರಿಮಣ್ಣಿಗೆ ಹುಲ್ಲು ಹಾಸಿ. ಬಕೆಟ್‌ನಲ್ಲಿ ಗಣಪತಿ ಬಿಟ್ಟು ಆ ಮಣ್ಣನ್ನು ಗಿಡಕ್ಕೆ ಹಾಕುವವರು ಬಣ್ಣ ಹಚ್ಚದ ಮೂರ್ತಿಯನ್ನೇ ತನ್ನಿ.

ರಿಪೋರ್ಟ್ ಕೆಟ್ಟದಾಗಿ ಬಂದರೆ ಯಾರಿಗೆ ಹೇಳಬೇಕು

ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಒಂದು ಪ್ರತಿ, ಜಿಲ್ಲಾಧಿಕಾರಿಗೆ ಒಂದು, ಪಂಚಾಯಿತಿಗೆ ಒಂದು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನ ಜಾಗಗಳ ನಿರ್ವಹಣೆಗೆ ಹೊಸ ನಿಯಮ ತಂದಿದೆ. ಅನುಮಾನ ಇರುವ ಜಾಗಗಳನ್ನು ಗುರುತಿಸಿ ಮಂಡಳಿಗೆ ಪಟ್ಟಿ ಕೊಡುವ ಕೆಲಸ ಅದರ ಪ್ರಕಾರ ಸ್ಥಳೀಯ ಸಂಸ್ಥೆ ಮತ್ತು ಜಿಲ್ಲಾಡಳಿತದ್ದು. ಅರ್ಜಿಯಲ್ಲಿ ಆ ನಿಯಮದ ಹೆಸರು ಬರೆಯಿರಿ: ಪರಿಸರ ಸಂರಕ್ಷಣೆ (ಮಲಿನ ಸ್ಥಳಗಳ ನಿರ್ವಹಣೆ) ನಿಯಮಗಳು, 2025. ಮೊದಲ ಹೆಜ್ಜೆಯಲ್ಲಿ ಬರೆದುಕೊಂಡ ಪಟ್ಟಿ, ಮಾದರಿ ತೆಗೆದ ಜಾಗದ ನಕ್ಷೆ, ಫೋಟೋ, ಲ್ಯಾಬ್ ರಿಪೋರ್ಟ್ ಲಗತ್ತಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ನಿಮ್ಮಲ್ಲಿ ಉಳಿದ ಅರ್ಧ ಕೆ.ಜಿ. ಚೀಲವನ್ನು ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ ಕಟ್ಟಿಡಿ. ಮರುಪರೀಕ್ಷೆ ಆಗಲಿ ಅಂತ ಯಾರಾದರೂ ಅಂದರೆ ಅದನ್ನೇ ಕೊಡಬೇಕಾಗುತ್ತದೆ.